ಹಿಟ್ಟಿನ ಕೋಳಿಯೂ ಗಣಕಲೋಕದ ಗೊಂಬೆಗಳೂ

ಕೃತ್ಯವು ನಿಜವಾದ ಜೀವಿಯ ಮೇಲೆ ನಡೆಯದೆ ಅದರ ಪ್ರತಿಕೃತಿಯ ಮೇಲೆ ನಡೆದರೆ ಮಾಡಿದವನಿಗೆ ದೋಷವು ತಟ್ಟುವುದೇ ಎಂಬ ಪ್ರಶ್ನೆಯನ್ನು ಕನ್ನಡದ ಜೈನ ಸಾಹಿತ್ಯವು ಬಹು ಹಿಂದೆಯೇ ಎತ್ತಿಕೊಂಡಿದೆ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿಯು ಜೀವಬಲಿಗೆ ಒತ್ತಾಯಿಸುತ್ತಾಳೆ, ಮಗನು ಒಪ್ಪುವುದಿಲ್ಲ, ಕಡೆಗೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಗೊಡುವ ನಡುದಾರಿಗೆ ಇಬ್ಬರೂ ಬರುತ್ತಾರೆ. ಕತ್ತಿಯ ಏಟು ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ತಾಯಿಯೂ ಮಗನೂ ತೊಳಲಿದ ಭವಾವಳಿಯನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಲ್ಲಿ ಒಂದು ಹನಿ ರಕ್ತವೂ ಸುರಿದಿರಲಿಲ್ಲ. ದ್ರವ್ಯಹಿಂಸೆ ಇರಲಿಲ್ಲ, ಸಂಕಲ್ಪವಿತ್ತು.

ಈ ಹಳೆಯ ಪ್ರಶ್ನೆಯು ನಮ್ಮ ಕಾಲದಲ್ಲಿ ಒಂದು ಅನಿರೀಕ್ಷಿತ ದಿಕ್ಕಿನಿಂದ ಮರಳಿ ಬಂದಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಫಿಲಿಪ್ ರೋಸ್‌ಡೇಲ್ 1999ರಲ್ಲಿ ಸ್ಥಾಪಿಸಿದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆಯು 2003ರ ಜೂನ್ ತಿಂಗಳಲ್ಲಿ ‘ಸೆಕೆಂಡ್ ಲೈಫ್’ ಎಂಬ ಕಲ್ಪಿತ ಲೋಕವನ್ನು ಅಂತರಜಾಲದಲ್ಲಿ ತೆರೆಯಿತು. ಅದು ಇಂದಿಗೂ ನಡೆಯುತ್ತಿದೆ. ಇದನ್ನು ಆಟವೆಂದು ಕರೆಯುವುದು ಸರಿಯಲ್ಲ. ಅಲ್ಲಿ ಗೆಲುವಿಲ್ಲ, ಸೋಲಿಲ್ಲ, ತಲುಪಬೇಕಾದ ಗುರಿಯೂ ಇಲ್ಲ. ಪ್ರವೇಶಿಸಿದವನು ಒಂದು ರೂಪವನ್ನು ಧರಿಸಿ, ಜಮೀನು ಕೊಂಡು, ಮನೆ ಕಟ್ಟಿ, ಅಂಗಡಿಯಿಟ್ಟು, ಇತರರೊಡನೆ ಮಾತುಕತೆಯಾಡಿಕೊಂಡು ಕಾಲ ಕಳೆಯುತ್ತಾನೆ. ವಸ್ತುಗಳನ್ನು ನಿರ್ಮಿಸುವವರು ಬಹುಮಟ್ಟಿಗೆ ನಿವಾಸಿಗಳೇ. ಅಲ್ಲಿಯ ನಾಣ್ಯವಾದ ಲಿಂಡೆನ್ ಡಾಲರನ್ನು ಅಮೆರಿಕದ ಡಾಲರಿಗೆ ಬದಲಾಯಿಸಿಕೊಳ್ಳಬಹುದು. ಧರಿಸುವ ರೂಪಕ್ಕೆ ಅವರು ಇಟ್ಟ ಹೆಸರು ‘ಅವತಾರ’, ಸಂಸ್ಕೃತದಿಂದ ಎರವಲಾದ ಪದ. ಅವತಾರವಾದವನ್ನೇ ಒಪ್ಪದ ಪರಂಪರೆಯ ಓದುಗರಿಗೆ ಈ ನಾಮಕರಣವು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಗೊಂಬೆ ಎಂಬ ಪದವೇ ಇಲ್ಲಿಗೆ ಸಾಕು.

ಗಣಕಯಂತ್ರದ ಆಟದೊಳಗೆ ನಡೆಯುವುದನ್ನೇ ಚಿತ್ರೀಕರಿಸಿ ಕಥಾಚಿತ್ರ ಮಾಡುವ ಪದ್ಧತಿಯು ಇದಕ್ಕೂ ಹಿಂದಿನದು. 1996ರಲ್ಲಿ ‘ಕ್ವೇಕ್’ ಎಂಬ ಗುಂಡಿನಾಟದೊಳಗೆ ತೆಗೆದ, ಎರಡು ನಿಮಿಷವೂ ಮೀರದ ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ತುಣುಕನ್ನು ಇದರ ಮೊದಲ ಮಾದರಿಯೆಂದು ಎಣಿಸುವುದುಂಟು. ಯಂತ್ರ ಮತ್ತು ಸಿನಿಮಾ ಎಂಬೆರಡು ಪದಗಳನ್ನು ಬೆಸೆದು ಇದನ್ನು ‘ಮಷಿನಿಮಾ’ ಎಂದು ಕರೆದರು. ಸೆಕೆಂಡ್ ಲೈಫ್‌ನಲ್ಲಿ ಈ ಕಲೆ ಹುಲುಸಾಗಿ ಬೆಳೆಯಿತು. ಕ್ಯಾಮರಾ ಅಲ್ಲಿ ಗೊಂಬೆಯಿಂದ ಬೇರೆಯಾಗಿ ಸ್ವತಂತ್ರವಾಗಿ ಹಾರಾಡಬಲ್ಲದು, ಆಕಾಶದ ಬೆಳಕನ್ನು ಬೇಕಾದಂತೆ ಬದಲಿಸಬಹುದು, ಪರದೆಯ ಮೇಲೆ ಮೂಡಿದುದನ್ನು ಸಾಮಾನ್ಯ ತಂತ್ರಾಂಶದಿಂದಲೇ ಮುದ್ರಿಸಿಕೊಳ್ಳಬಹುದು. ಡಗ್ಲಸ್ ಗೇಟನ್ ಅಲ್ಲಿಯೇ ತೆಗೆದ ಮೊಲೊಟೊವ್ ಆಲ್ವಾ ಎಂಬ ಗೊಂಬೆಯ ಪಯಣದ ಚಿತ್ರವನ್ನು 2007ರಲ್ಲಿ ಎಚ್‌ಬಿಒ ದೂರದರ್ಶನ ಸಂಸ್ಥೆಯು ಕೊಂಡುಕೊಂಡಿತು. ಇದರ ಜೊತೆಜೊತೆಗೇ ಇನ್ನೊಂದು ಶಾಖೆಯೂ ಚಿಗುರಿತು. ವಯಸ್ಕರಿಗೆಂದೇ ಮೀಸಲಾದ, ಕಾಮಕೇಳಿಯನ್ನು ವಸ್ತುವಾಗುಳ್ಳ ಚಿತ್ರಗಳೇ ಅವು. ಈ ವಿಮರ್ಶೆಯ ವಿಷಯವೂ ಅವೇ.

ಮೊದಲಿಗೆ ಒಂದು ತಪ್ಪುತಿಳಿವನ್ನು ದೂರಮಾಡಬೇಕು. ಇಂಥ ಚಿತ್ರಗಳಲ್ಲಿ ದಿಗಂಬರ ದೇಹಗಳು ಕಾಣುತ್ತವೆ ಎಂಬುದೊಂದೇ ಆಕ್ಷೇಪಕ್ಕೆ ಆಧಾರವಾಗಲಾರದು. ಶ್ರವಣಬೆಳಗೊಳದ ಬೆಟ್ಟವನ್ನೇರಿ ವಸ್ತ್ರವಿಲ್ಲದ ಬಾಹುಬಲಿಯ ಪಾದಕ್ಕೆರಗುವ ಜನರು ನಗ್ನತೆಯನ್ನೇ ದೋಷವೆಂದು ದೂರುವುದು ಹಾಸ್ಯಾಸ್ಪದ. ಅಲ್ಲಿ ದೇಹವು ಎಲ್ಲವನ್ನೂ ಬಿಟ್ಟು ನಿಂತಿದೆ. ಇಲ್ಲಿ ಅದು ಅಂಗಡಿಯಿಂದ ಕೊಂಡು ತಂದ ಸರಕು. ಇದು ಕೇವಲ ಅಲಂಕಾರದ ಮಾತಲ್ಲ. ಆ ಲೋಕದಲ್ಲಿ ಸಂಸ್ಥೆಯು ಕೊಡುವ ಮೂಲಗೊಂಬೆಗೆ ಗುಹ್ಯಾಂಗಗಳೇ ಇಲ್ಲ. ಬೇಕೆಂದವನು ನಿವಾಸಿಗಳ ಅಂಗಡಿಯಲ್ಲಿ ಅವನ್ನು ಕೊಂಡು ಜೋಡಿಸಿಕೊಳ್ಳಬೇಕು. ಚಲನೆಯನ್ನೂ ಹಾಗೆಯೇ ಕೊಳ್ಳಬೇಕು: ಗುಲಾಬಿ ಮತ್ತು ನೀಲಿ ಬಣ್ಣದ ಸಣ್ಣ ಗೋಲಗಳಿರುತ್ತವೆ, ಗೊಂಬೆಯನ್ನು ಅದರ ಮೇಲೆ ಕೂರಿಸಿದೊಡನೆ ಮೊದಲೇ ಸಿದ್ಧಪಡಿಸಿಟ್ಟ ಭಂಗಿಯು ಆರಂಭವಾಗುತ್ತದೆ. ಅರ್ಥಾತ್, ಅಲ್ಲಿ ಯಾರೂ ಅಚಾತುರ್ಯದಿಂದ ಜಾರಿ ಬೀಳುವುದಿಲ್ಲ. ಪ್ರತಿಯೊಂದು ಹೆಜ್ಜೆಗೂ ಆಯ್ಕೆಯಿದೆ, ಬೆಲೆಯಿದೆ, ಸಂಕಲ್ಪವಿದೆ.

ಈ ಚಿತ್ರಗಳ ಸಮರ್ಥಕರ ವಾದವನ್ನು ಅದರ ಪೂರ್ಣಬಲದೊಡನೆ ಎದುರಿಸುವುದೇ ನ್ಯಾಯ. ಮಾಂಸರಕ್ತದ ಕಾಮಚಿತ್ರೋದ್ಯಮದಲ್ಲಿ ಕ್ಯಾಮರಾದ ಮುಂದೆ ನಿಲ್ಲುವವಳು ಜೀವಂತ ಸ್ತ್ರೀ. ಅವಳಿಗೆ ನೋವಾಗಬಹುದು, ರೋಗ ತಗಲಬಹುದು, ಬಡತನವೋ ಬಲಾತ್ಕಾರವೋ ಅವಳನ್ನು ಅಲ್ಲಿಗೆ ತಂದಿರಬಹುದು. ಗೊಂಬೆಗಳ ಚಿತ್ರದಲ್ಲಿ ಇವಾವುವೂ ಇಲ್ಲ. ಅಹಿಂಸೆಯನ್ನು ಪರಮಧರ್ಮವೆನ್ನುವವರು ಈ ವ್ಯತ್ಯಾಸವನ್ನು ಲಘುವಾಗಿ ಕಾಣುವಂತಿಲ್ಲ. ಒಂದು ಜೀವಕ್ಕೆ ತಪ್ಪಿದ ನೋವು ನಿಜವಾಗಿಯೂ ತಪ್ಪಿದ ನೋವೇ; ಆ ಮಟ್ಟಿಗೆ ಈ ಚಿತ್ರಗಳು ಆ ಉದ್ಯಮಕ್ಕಿಂತ ಮೇಲೆಂದು ಒಪ್ಪಲೇಬೇಕು. ಆದರೆ ಸಮರ್ಥಕರು ಅಷ್ಟಕ್ಕೇ ನಿಲ್ಲುವುದಿಲ್ಲ. ದೇಹವಿಲ್ಲವಾದ್ದರಿಂದ ಅಲ್ಲಿ ಏನೂ ನಡೆದೇ ಇಲ್ಲವೆಂದು ಮುಂದುವರಿಯುತ್ತಾರೆ. ವಾದವು ಮುರಿಯುವುದು ಅಲ್ಲಿ.

ಮುರಿದು ತೋರಿಸಿದವರು ಧರ್ಮಗುರುಗಳಲ್ಲ, ಆ ಲೋಕದ ವ್ಯಾಪಾರಿಗಳೇ. ಫ್ಲಾರಿಡಾದ ಕೆವಿನ್ ಆಲ್ಡರ್‌ಮನ್ ಎಂಬವರು ಇಂಥ ಭಂಗಿಗಳನ್ನೊಳಗೊಂಡ ‘ಸೆಕ್ಸ್‌ಜೆನ್’ ಎಂಬ ಮಂಚವನ್ನು ನಿರ್ಮಿಸಿ ಸುಮಾರು 45 ಅಮೆರಿಕನ್ ಡಾಲರಿಗೆ ಸಮನಾದ ಬೆಲೆಗೆ ಮಾರುತ್ತಿದ್ದರು. ಮತ್ತೊಬ್ಬ ನಿವಾಸಿಯು ಅದರ ನಕಲುಗಳನ್ನು ಅಗ್ಗವಾಗಿ ಮಾರತೊಡಗಿದಾಗ ಅವರ ಸಂಸ್ಥೆಯು 2007ರಲ್ಲಿ ಟ್ಯಾಂಪಾ ನಗರದ ಸಂಯುಕ್ತ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅದೇ ವರ್ಷ ಅವರು ಆ ಲೋಕದೊಳಗೆ ತಾವು ಕಟ್ಟಿದ್ದ ‘ಆಮ್‌ಸ್ಟರ್‌ಡ್ಯಾಮ್’ ಎಂಬ ಪ್ರದೇಶವನ್ನು 50,000 ಡಾಲರಿಗೆ ಮಾರಿದರು. ಕಳ್ಳತನದ ದೂರು ಸಹಜವೇ. ಅಚೌರ್ಯವ್ರತವು ವಸ್ತು ಕಣ್ಣಿಗೆ ಕಾಣುವುದೋ ಇಲ್ಲವೋ ಎಂದು ಕೇಳುವುದಿಲ್ಲ. ಆದರೆ ಮಂಚವು ಕದಿಯಬಹುದಾದಷ್ಟು ನಿಜವೆಂದ ಮೇಲೆ, ಅದರ ಮೇಲೆ ನಡೆಯುವುದು ಮಾತ್ರ ಸಂಪೂರ್ಣ ಮಿಥ್ಯೆಯೆಂದು ಸಾಧಿಸುವುದು ಹೇಗೆ?

ಅದೇ 2007ರ ಮೇ ತಿಂಗಳಲ್ಲಿ ಜರ್ಮನಿಯ ‘ರಿಪೋರ್ಟ್ ಮೈನ್ಜ್’ ಎಂಬ ದೂರದರ್ಶನ ಕಾರ್ಯಕ್ರಮವು ಆ ಲೋಕದಲ್ಲಿ ಮಗುವಿನ ರೂಪದ ಗೊಂಬೆಗಳ ದುರ್ಬಳಕೆಯನ್ನು ಬಯಲಿಗೆಳೆಯಿತು. ತನಿಖೆಯಲ್ಲಿ ಸಿಕ್ಕ ಗೊಂಬೆಗಳ ಹಿಂದಿದ್ದವರು ಇಬ್ಬರೂ ವಯಸ್ಕರೇ. ಆದರೂ ಸಂಸ್ಥೆಯು ಅವರನ್ನು ಹೊರಗಟ್ಟಿತು, ಅಂಥ ಆಟವನ್ನೇ ನಿಷೇಧಿಸಿತು. 2024ರಲ್ಲಿ ಮಗುವಿನ ರೂಪದ ಗೊಂಬೆಗಳು ವಯಸ್ಕರ ಪ್ರದೇಶಗಳಿಗೆ ಕಾಲಿಡಬಾರದೆಂದೂ, ಅವುಗಳ ಮೈಮೇಲೆ ಕಳಚಲಾಗದ ಹೊದಿಕೆ ಇರಲೇಬೇಕೆಂದೂ ನಿಯಮವು ಮತ್ತಷ್ಟು ಬಿಗಿಯಾಯಿತು. ಕೇವಲ ಗೊಂಬೆ, ಕೇವಲ ಚಿತ್ರ ಎಂಬ ಸಮರ್ಥನೆಗೆ ಎಲ್ಲೆಯಿದೆಯೆಂದು ಆ ಲೋಕದ ಒಡೆಯರೇ ಒಪ್ಪಿದಂತಾಯಿತು. ಭಾವವು ಎಲ್ಲಿಗೆ ಮುಖಮಾಡಿದೆ ಎಂಬುದೇ ಅವರ ನಿಷೇಧಕ್ಕೂ ಕಾರಣ. ಅವರು ಅದನ್ನು ಭಾವಹಿಂಸೆಯೆಂದು ಕರೆಯಲಿಲ್ಲ, ಅಷ್ಟೆ.

ಇಲ್ಲಿ ಶಾಸ್ತ್ರದ ಒಂದು ಪದದ ಬಗ್ಗೆ ಎಚ್ಚರ ಅಗತ್ಯ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಬ್ರಹ್ಮಚರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ‘ಅನಂಗಕ್ರೀಡಾ’ ಎಂಬುದು ಬರುತ್ತದೆ. ಅಂಗವಿಲ್ಲದವರ ಕ್ರೀಡೆಯೆಂದು ಅರ್ಥಮಾಡಿ ಉಮಾಸ್ವಾತಿಯವರು ಗಣಕಲೋಕವನ್ನು ಮುಂಗಂಡಿದ್ದರೆಂದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಬಹುದು. ಟೀಕಾಕಾರರ ಅರ್ಥ ಅದಲ್ಲ. ಈ ಸಂದರ್ಭಕ್ಕೆ ಸರಿಯಾಗಿ ಹೊಂದುವುದು ಅದರ ಪಕ್ಕದಲ್ಲಿಯೇ ಇರುವ ‘ಕಾಮತೀವ್ರಾಭಿನಿವೇಶ’, ಅಂದರೆ ಕಾಮದಲ್ಲಿ ಮನಸ್ಸು ತೀವ್ರವಾಗಿ ನೆಟ್ಟುಹೋಗುವುದು. ಅದಕ್ಕೆ ದೇಹದ ಸಾನ್ನಿಧ್ಯ ಬೇಕಿಲ್ಲ. ಯಶೋಧರನ ರಾಣಿ ಅಮೃತಮತಿಯು ಮಾವಟಿಗನಿಗೆ ಮನಸೋತದ್ದೂ ಅವನನ್ನು ಕಂಡಲ್ಲ, ಇರುಳಿನಲ್ಲಿ ತೇಲಿಬಂದ ಹಾಡಿನ ದನಿಯನ್ನು ಕೇಳಿ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ವಿಧಗಳನ್ನು ಈ ಚಿತ್ರಗಳಿಗೆ ಅನ್ವಯಿಸಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಗೊಂಬೆಯನ್ನಾಡಿಸುವವನು ಮಾಡುತ್ತಾನೆ, ನಿರ್ದೇಶಕನು ಮಾಡಿಸುತ್ತಾನೆ, ಪ್ರೇಕ್ಷಕನು ಮೆಚ್ಚುತ್ತಾನೆ. ಆಟವು ಆಟವಾಗಿಯೇ ಉಳಿದಿದ್ದಾಗ ಅದು ಇಬ್ಬರ ನಡುವೆ ಮುಗಿಯುತ್ತಿತ್ತು. ಚಿತ್ರವಾದಾಗ ಮೂರನೆಯವನ ಕಣ್ಣು ಒಳಗೆ ಬರುತ್ತದೆ. ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯು ಹುಟ್ಟುವುದು ಇಲ್ಲಿ. ಈ ಚಿತ್ರಗಳ ಪರವಾಗಿಯೋ ವಿರುದ್ಧವಾಗಿಯೋ ಮಾತನಾಡುವವರು ಸಾಮಾನ್ಯವಾಗಿ ಇದನ್ನು ದಾಟಿಹೋಗುತ್ತಾರೆ.

ಲಿಂಡೆನ್ ಲ್ಯಾಬ್ 2010ರಲ್ಲಿ ಪ್ರಕಟಿಸಿದ ಚಿತ್ರೀಕರಣ ನೀತಿಯ ಪ್ರಕಾರ, ಚಲನಚಿತ್ರದಲ್ಲಿ ಪ್ರಧಾನವಾಗಿ ಕಾಣುವ ಅಥವಾ ಗುರುತು ಹತ್ತುವ ಗೊಂಬೆಗಳ ಒಡೆಯರಿಂದ ಒಪ್ಪಿಗೆ ಪಡೆಯಬೇಕು. ಗುಂಪಿನಲ್ಲಿ ಕ್ಷಣಕಾಲ ಸುಳಿಯುವವರಿಂದ ಬೇಕಿಲ್ಲ. ಗೊಂಬೆಯು ಏನೂ ಅಲ್ಲದಿದ್ದರೆ ಅದರ ಒಪ್ಪಿಗೆ ಯಾತಕ್ಕೆ? ವರ್ಷಗಟ್ಟಲೆ ಒಂದೇ ಹೆಸರು, ಒಂದೇ ರೂಪ ಧರಿಸಿ ಬಾಳಿದವನಿಗೆ ಆ ಗೊಂಬೆಯು ಮುಖವೇ ಆಗಿಬಿಟ್ಟಿರುತ್ತದೆ. ಅದರ ಮೂಲಕ ಗೆಳೆಯರು, ವ್ಯಾಪಾರ, ಮರ್ಯಾದೆ ಎಲ್ಲವೂ ಕೂಡಿಬಂದಿರುತ್ತವೆ. ನಿಯಮವು ಈ ಸತ್ಯವನ್ನು ಗುರುತಿಸಿದೆ, ಅದು ಪ್ರಶಂಸನೀಯ. ಆದರೆ ಆಡುವುದಕ್ಕೆ ಕೊಟ್ಟ ಒಪ್ಪಿಗೆ ಬೇರೆ, ಅಪರಿಚಿತರು ಮತ್ತೆಮತ್ತೆ ನೋಡುವುದಕ್ಕೆ ಕೊಟ್ಟ ಒಪ್ಪಿಗೆ ಬೇರೆ. 2009ರಲ್ಲಿ ಸಂಸ್ಥೆಯು ಮುಖ್ಯ ಭೂಭಾಗದಲ್ಲಿದ್ದ ವಯಸ್ಕರ ವ್ಯವಹಾರಗಳನ್ನು ‘ಜಿಂಡ್ರಾ’ ಎಂಬ ಪ್ರತ್ಯೇಕ ಭೂಖಂಡಕ್ಕೆ ಸಾಗಿಸಿ, ಹದಿನೆಂಟು ತುಂಬದವರು ಅಲ್ಲಿಗೆ ಬಾರದಂತೆ ಬಾಗಿಲಿಟ್ಟಿತು. ಒಳ್ಳೆಯ ಏರ್ಪಾಡೇ. ಆ ಭೂಖಂಡದೊಳಗೆ ತೆಗೆದ ಚಿತ್ರವು ಮಾತ್ರ ಬಾಗಿಲನ್ನು ದಾಟಿ ಹೊರಬರುತ್ತದೆ. ನಕಲಾಗುತ್ತ ಹೋಗುವ ಚಿತ್ರದ ಹಿಂದೆ ಬಾಗಿಲು ನಡೆದು ಹೋಗಲಾರದು. ನಟಿಸಿದವಳು ನಾಳೆ ಆ ಬಾಳನ್ನು ಬಿಟ್ಟು ಬಂದರೂ ಅವಳ ಗೊಂಬೆಯು ಯಾರದೋ ಪರದೆಯ ಮೇಲೆ ಆಡುತ್ತಲೇ ಇರುತ್ತದೆ. ಹಿಟ್ಟಿನ ಕೋಳಿ ಕೂಗಿದುದು ಯಶೋಧರನ ಕಿವಿಗೆ. ಈ ಕೂಗು ಎಷ್ಟು ಕಿವಿಗಳಿಗೆ ತಲುಪುವುದೆಂದು ಮಾಡಿದವರೇ ಹೇಳಲಾರರು.

ಇನ್ನು ಕಲೆಯಾಗಿ ಈ ಚಿತ್ರಗಳ ಯೋಗ್ಯತೆ. ನೀತಿಯ ದೃಷ್ಟಿಯನ್ನು ಬದಿಗಿಟ್ಟರೂ ಅವು ಬಡವಾಗಿಯೇ ಕಾಣುತ್ತವೆ; ಕಾರಣವು ಅವುಗಳ ತಯಾರಿಕೆಯಲ್ಲಿಯೇ ಇದೆ. ಭಂಗಿಗಳು ಅಂಗಡಿಯವು. ಒಂದೇ ಗೋಲವನ್ನು ಕೊಂಡವರೆಲ್ಲರ ಗೊಂಬೆಗಳೂ ಒಂದೇ ರೀತಿಯಲ್ಲಿ ಬಾಗುತ್ತವೆ, ಕೆಲವು ಕ್ಷಣಗಳ ಬಳಿಕ ಅದೇ ಚಲನೆ ಮೊದಲಿನಿಂದ ಮರುಕಳಿಸುತ್ತದೆ. ನಟನಿಗೆ ತನ್ನದೆಂಬ ಒಂದು ತಡವರಿಕೆಯಿಲ್ಲ, ಸಂಕೋಚವಿಲ್ಲ, ಆಯಾಸವಿಲ್ಲ. 2016ರ ಸುಧಾರಣೆಯಿಂದ ಮುಖಕ್ಕೂ ಬೆರಳುಗಳಿಗೂ ಚಲನೆ ಬಂದಿತಾದರೂ ಅದನ್ನೂ ಕೊಂಡೇ ತರಬೇಕು. ಶೃಂಗಾರಕ್ಕೆ ಬೇಕಾದ ಸಂಚಾರಿಭಾವಗಳೆಲ್ಲ ಹೊರಗುಳಿದು ಕ್ರಿಯೆಯೊಂದೇ ತೆರೆಯ ಮೇಲೆ ಉಳಿಯುತ್ತದೆ. ಪಂಪನ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗವು ಇಲ್ಲಿ ನೆನಪಾಗುವುದು ಸಹಜ. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ಮುಗಿಯಿತು; ರಸಭಂಗವಾಗದಂತೆ ಇಂದ್ರನು ಅವಳನ್ನೇ ಹೋಲುವ ರೂಪವನ್ನು ನಿಲ್ಲಿಸಿದನು; ಸಭೆಗೆ ಏನೂ ತಿಳಿಯಲಿಲ್ಲ. ವೃಷಭದೇವನೊಬ್ಬನು ಕಂಡನು. ಇಂದ್ರನ ಪ್ರತಿಕೃತಿಯಲ್ಲಿ ಕೊರತೆಯಿರಲಿಲ್ಲ. ಇಲ್ಲಿಯ ಕೊರತೆಯಾದರೋ ಎಲ್ಲರಿಗೂ ಕಾಣುವಂಥದು.

ಆ ಲೋಕದ ಕಾಮವನ್ನು ಕುರಿತು ನಿಜವಾಗಿ ಪ್ರೌಢವೆನ್ನಬಹುದಾದ ಚಿತ್ರವು ಬೇರೊಂದಿದೆ. 2010ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದ, ಜೇಸನ್ ಸ್ಪಿಂಗಾರ್ನ್-ಕಾಫ್ ಅವರ ‘ಲೈಫ್ 2.0’ ಎಂಬ ಸಾಕ್ಷ್ಯಚಿತ್ರ. ಅದರಲ್ಲಿ ಗೊಂಬೆಗಳ ಮೂಲಕ ಪರಸ್ಪರ ಅನುರಕ್ತರಾದ ಇಬ್ಬರ ಕಥೆಯಿದೆ. ಇಬ್ಬರೂ ದೂರದೂರದ ಊರಿನವರು, ಇಬ್ಬರಿಗೂ ಮದುವೆಯಾಗಿದೆ. ಮಾಂಸದ ಪ್ರದರ್ಶನವು ಅದರ ಗುರಿಯಲ್ಲ. ಕ್ಯಾಮರಾ ಒಮ್ಮೆ ಸುಂದರ ಗೊಂಬೆಗಳನ್ನು ತೋರಿಸುತ್ತದೆ, ಮತ್ತೊಮ್ಮೆ ಗಣಕಯಂತ್ರದ ಮುಂದೆ ಕುಳಿತ ನಡುವಯಸ್ಸಿನ ಮನುಷ್ಯರನ್ನು. ಗೊಂಬೆಗಳಿಗೆ ಸಂಸಾರವಿಲ್ಲ, ಅವನ್ನಾಡಿಸುವವರಿಗಿದೆ. ಕೆಡುವುದು ಆ ಸಂಸಾರ, ಕಣ್ಣೀರು ಸುರಿಯುವುದು ಆ ಕೋಣೆಯಲ್ಲಿ. ಕಾಮಚಿತ್ರಗಳನ್ನು ತೆಗೆಯುವವರು ಕ್ಯಾಮರಾವನ್ನು ಎಲ್ಲೆಡೆಗೆ ಹಾರಿಸಿದ್ದಾರೆ. ಗೊಂಬೆಯನ್ನಾಡಿಸುವವರು ಕುಳಿತ ಆ ಕೋಣೆಯ ಕಡೆಗೆ ಮಾತ್ರ ತಿರುಗಿಸಿಲ್ಲ.