ಮನೆ ಮತ್ತು ಮರ: ಒಂದು ಔಚಿತ್ಯವಿಚಾರ

೧

ಅಲಂಕಾರವು ತನ್ನಿಂದ ತಾನೇ ಶೋಭೆಯನ್ನು ತರುವುದಿಲ್ಲ. ಸಲ್ಲುವ ಎಡೆಯಲ್ಲಿ ಸಂದಾಗ ಮಾತ್ರ ಅದು ಅಲಂಕಾರವೆನಿಸುತ್ತದೆ ಎಂಬುದು ನಮ್ಮ ಕಾವ್ಯಮೀಮಾಂಸೆಯ ಮುಖ್ಯ ನಿರ್ಣಯಗಳಲ್ಲೊಂದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ತನ್ನ 'ಔಚಿತ್ಯವಿಚಾರಚರ್ಚಾ' ಗ್ರಂಥದಲ್ಲಿ ಇದನ್ನು ವಿವರಿಸುತ್ತ, ನಡುವಿನ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ನಡುವಿಗೂ ತೊಟ್ಟವರು ನಗೆಗೀಡಾಗುವರೆಂಬ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಕಾವ್ಯಕ್ಕಾಗಿ ಹುಟ್ಟಿದ ಈ ತತ್ತ್ವವನ್ನು ಗೃಹನಿರ್ಮಾಣಕ್ಕೂ ಅನ್ವಯಿಸಿ ನೋಡಬಹುದೆಂಬುದು ಈ ಲೇಖನದ ಉದ್ದೇಶ.

ಇರುವ ಮರವನ್ನು ಕಡಿಯದೆ ಮನೆ ಕಟ್ಟುವ ಕ್ರಮವು ಈಚಿನ ದಶಕಗಳಲ್ಲಿ ಬಹಳ ಮೆಚ್ಚುಗೆಯನ್ನು ಗಳಿಸಿದೆ. ನಡುಮನೆಯ ನೆಲವನ್ನು ಭೇದಿಸಿ ಮೇಲೆದ್ದ ಕಾಂಡ, ತಾರಸಿಯ ರಂಧ್ರದಿಂದ ಹೊರಚಾಚಿದ ಕೊಂಬೆ, ಗಾಜಿನ ಗೋಡೆಯ ನಡುವೆ ನಿಂತ ಮಾವು: ಇಂಥ ಚಿತ್ರಗಳು ಪತ್ರಿಕೆಗಳಲ್ಲಿ ಹೇರಳವಾಗಿ ಬರುತ್ತವೆ. ಕಡಿಯುವುದಕ್ಕಿಂತ ಉಳಿಸುವುದು ಮೇಲು, ಅದರಲ್ಲಿ ವಿವಾದವಿಲ್ಲ. ಆದರೆ ಉಳಿಸಿದೆವೆಂಬ ಹೆಮ್ಮೆಯನ್ನೇ ಉಳಿವೆಂದು ಎಣಿಸುವುದು ವಿಮರ್ಶೆಯಾಗದು. ಆ ಮನೆಯಲ್ಲಿ ಮರವು ತೊಡಿಸಿದ ಒಡವೆಯೋ, ಅಥವಾ ರಚನೆಯ ಮಿಕ್ಕ ಅಂಗಗಳೆಲ್ಲ ಅನುಸರಿಸಬೇಕಾದ ಅಂಗಿಯೋ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

೨

ಪಾಶ್ಚಾತ್ಯ ವಾಸ್ತುಶಿಲ್ಪದಿಂದ ಎರಡು ಪ್ರಸಿದ್ಧ ನಿದರ್ಶನಗಳನ್ನು ಮೊದಲು ನೋಡೋಣ. ೧೯೨೫ರಲ್ಲಿ ಪ್ಯಾರಿಸ್ಸಿನಲ್ಲಿ ಜರುಗಿದ ಅಲಂಕಾರಕಲೆಗಳ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಲ ಕಾರ್ಬೂಸಿಯೆ ಒಂದು ಮಾದರಿ ಮನೆಯನ್ನು ಕಟ್ಟಿದನು. ನಿವೇಶನದಲ್ಲಿದ್ದ ಮರವನ್ನು ಕಡಿಯದೆ, ಅಂಗಳದ ಮೇಲಿನ ಚಾವಣಿಯಲ್ಲಿ ದುಂಡಾದ ರಂಧ್ರವನ್ನು ಬಿಟ್ಟು ಅದನ್ನು ಮೇಲಕ್ಕೆ ಹಾಯಿಸಿದನು. ಆ ಚಿತ್ರವು ಜಗತ್ತಿನಲ್ಲೆಲ್ಲ ಪ್ರಚಾರವಾಯಿತು. ಆದರೆ ಆ ಮನೆಯನ್ನು ಅವನು ಒಂಟಿ ಮನೆಯೆಂದು ಕಲ್ಪಿಸಿರಲಿಲ್ಲ. ಒಂದರ ಮೇಲೊಂದು ಪೇರಿಸಿ ಬಹುಮಹಡಿಯ ವಸತಿಯನ್ನು ನಿರ್ಮಿಸಲು ತಕ್ಕ ಒಂದು ಘಟಕವೆಂದು ಮುಂದಿಟ್ಟಿದ್ದನು. ಹಾಗೆ ಪೇರಿಸಿದಾಗ ಚಾವಣಿಯ ರಂಧ್ರದ ಮೇಲೆ ಇನ್ನೊಬ್ಬರ ಅಂಗಳ ಬರುತ್ತದೆ, ಮರಕ್ಕೆ ಎಡೆಯೆಲ್ಲಿ? ಹೀಗೆ, ಆ ಕೃತಿಯ ಅತ್ಯಂತ ಮನೋಹರವಾದ ಅಂಶವೇ ಅದರ ಮೂಲಪ್ರತಿಜ್ಞೆಗೆ ವಿರುದ್ಧವಾಗಿತ್ತು. ಮರವು ಪ್ರದರ್ಶನಕ್ಕೆ ಸೇರಿತ್ತು, ಮನೆಗಲ್ಲ. ಪ್ರದರ್ಶನವು ಮುಗಿದ ಬಳಿಕ ಕಟ್ಟಡವನ್ನು ಕೆಡವಿದ್ದರಿಂದ ಅವೆರಡರ ಸಹವಾಸವು ಕಾಲದ ಪರೀಕ್ಷೆಗೆ ಒಳಗಾಗಲೂ ಇಲ್ಲ.

ಅಮೆರಿಕದ ಫ್ರ್ಯಾಂಕ್ ಲಾಯ್ಡ್ ರೈಟ್ ಇದಕ್ಕೂ ಮೊದಲೇ, ಶಿಕಾಗೋ ಸಮೀಪದ ಓಕ್ ಪಾರ್ಕಿನ ತನ್ನ ಮನೆಗೆ ೧೮೯೮ರಲ್ಲಿ ಚಿತ್ರಶಾಲೆಯನ್ನು ಕೂಡಿಸುವಾಗ, ನಡುವೆ ಇದ್ದ ವಿಲ್ಲೋ ಮರವನ್ನು ಉಳಿಸಿಕೊಂಡು ಅದರ ಸುತ್ತ ಓಣಿಯನ್ನು ಕಟ್ಟಿದನು. ಅವನು ಅಲ್ಲಿ ಬಾಳಿದನು, ದುಡಿದನು. ಆದುದರಿಂದ ಇದು ಪ್ಯಾರಿಸ್ಸಿನ ಮಾದರಿಗಿಂತ ಪ್ರಾಮಾಣಿಕವಾದ ಪ್ರಯತ್ನ. ಆದರೂ ಒಂದು ತೊಡಕು ಎರಡರಲ್ಲೂ ಸಮಾನವಾಗಿದೆ. ಗೋಡೆ ನಿಶ್ಚಲ, ಮರ ಚಲ. ಕಾಂಡವು ವರ್ಷವರ್ಷವೂ ದಪ್ಪವಾಗುತ್ತದೆ, ಗಾಳಿಗೆ ತೂಗುತ್ತದೆ. ಮಳೆನೀರು ಅದರ ಮೈಗುಂಟ ಒಳಗಿಳಿಯುತ್ತದೆ. ಚಾವಣಿಯ ರಂಧ್ರವಾದರೋ ಕೊರೆದ ದಿನದ ಅಳತೆಯಲ್ಲೇ ಉಳಿಯುತ್ತದೆ.

ಚಿತ್ರದಲ್ಲಿ ಕಾಣದ ಸಂಗತಿ ಇನ್ನೂ ದೊಡ್ಡದು. ಮರವೆಂದರೆ ಬೇರು ನೇರವಾಗಿ ಪಾತಾಳಕ್ಕಿಳಿದಿರುವ ಕಂಬವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ನೀರನ್ನೂ ಆಹಾರವನ್ನೂ ಹೀರುವ ಬೇರುಗಳ ಬಹುಭಾಗವು ನೆಲದ ಮೇಲಿನ ಎರಡು ಮೂರು ಅಡಿಯಲ್ಲೇ ಹರಡಿ, ಕೊಂಬೆಗಳ ನೆರಳನ್ನೂ ಮೀರಿ ಆಚೆಗೆ ಹೋಗಿರುತ್ತದೆ. ಅವಕ್ಕೆ ನೀರಿನಂತೆ ಗಾಳಿಯೂ ಬೇಕು. ನೆಲವನ್ನು ದಮ್ಮಸು ಹಾಕಿ ಗಟ್ಟಿಮಾಡಿದರೆ, ಕಾಂಕ್ರೀಟು ಮುಚ್ಚಿದರೆ, ಪಾಯದ ಕಾಲುವೆಯಿಂದ ಬೇರನ್ನು ಕತ್ತರಿಸಿದರೆ ಮರ ಅಂದೇ ಸಾಯುವುದಿಲ್ಲ. ಕೆಲವು ವರ್ಷ ಹಸುರಾಗಿಯೇ ನಿಂತು, ತುದಿಗೊಂಬೆಯಿಂದ ಒಣಗುತ್ತ ಬರುತ್ತದೆ. ಅಷ್ಟು ಹೊತ್ತಿಗೆ ಮನೆಯ ಚಿತ್ರ ಅಚ್ಚಾಗಿರುತ್ತದೆ, ಕಾರಣ ಮರೆತಿರುತ್ತದೆ.

೩

ಈ ಬೇರಿನ ವಿಚಾರವು ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂಬುದಕ್ಕೆ ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯು ಸಾಕ್ಷಿ. ಅದರ ವಾಸ್ತುವಿದ್ಯಾಧ್ಯಾಯದಲ್ಲಿ ಮನೆಯ ಯಾವ ದಿಕ್ಕಿಗೆ ಯಾವ ಮರ ಒಳ್ಳೆಯದು ಎಂಬ ವಿಧಿಯಿದೆ: ಬಸರಿ ಉತ್ತರಕ್ಕೆ, ಆಲ ಪೂರ್ವಕ್ಕೆ, ಅತ್ತಿ ದಕ್ಷಿಣಕ್ಕೆ, ಅರಳಿ ಪಶ್ಚಿಮಕ್ಕೆ ಪ್ರಶಸ್ತ, ಇವೇ ಮರಗಳು ಎದುರು ದಿಕ್ಕಿನಲ್ಲಿದ್ದರೆ ಅಶುಭ. ಮನೆಗೆ ತೀರ ಸಮೀಪದಲ್ಲಿ ಮುಳ್ಳಿನ ಮರ, ಹಾಲು ಒಸರುವ ಮರ ಮುಂತಾದವು ಇರಬಾರದೆಂದೂ ಹೇಳಿದೆ. ಶುಭಾಶುಭಫಲಗಳನ್ನು ಇಂದಿನ ಓದುಗರು ಒಪ್ಪಬೇಕಾಗಿಲ್ಲ. ಆದರೆ ಅಲ್ಲಿಯೇ ಬರುವ ಒಂದು ವಿನಾಯಿತಿಯನ್ನು ಗಮನಿಸಬೇಕು. ಅಂಥ ಮರವನ್ನು ಕಡಿಯಲು ಮನಸ್ಸಿಲ್ಲದಿದ್ದರೆ ಅದಕ್ಕೂ ಮನೆಗೂ ನಡುವೆ ಪುನ್ನಾಗ, ಅಶೋಕ, ಬಕುಳ, ಹಲಸು, ಬನ್ನಿ ಮೊದಲಾದ ಶುಭವೃಕ್ಷಗಳನ್ನು ನೆಟ್ಟರಾಯಿತು ಎನ್ನುತ್ತಾನೆ. ಒಂದು ಮರದ ದೋಷಕ್ಕೆ ಇನ್ನೊಂದು ಮರವೇ ಪರಿಹಾರ! ಕೊಡಲಿಯೊಂದೇ ದಾರಿಯೆಂದು ಆ ಶಾಸ್ತ್ರಕಾರನು ಹೇಳಲಿಲ್ಲ.

ಅದೇ ಗ್ರಂಥದ ವೃಕ್ಷಾಯುರ್ವೇದಾಧ್ಯಾಯದಲ್ಲಿ ಮರಮರಗಳ ನಡುವಿನ ಅಂತರವನ್ನು ಹೇಳಿದೆ: ೨೦ ಮೊಳ ಉತ್ತಮ, ೧೬ ಮೊಳ ಮಧ್ಯಮ, ೧೨ ಮೊಳ ಕನಿಷ್ಠ. ಒತ್ತೊತ್ತಾಗಿ ಬೆಳೆದು ಬೇರಿಗೆ ಬೇರು ಹೆಣೆದುಕೊಂಡ ಮರಗಳು ಪೀಡಿತವಾಗಿ ಸರಿಯಾದ ಫಲವನ್ನು ಕೊಡಲಾರವೆಂಬುದು ಅಲ್ಲಿ ಕೊಟ್ಟ ಕಾರಣ. ಮೊಳಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಉತ್ತಮಾಂತರವು ೩೦ ಅಡಿ, ಕನಿಷ್ಠಾಂತರ ೧೮ ಅಡಿ. ಇಂದಿನ ವಾಸ್ತು ಸಲಹೆಗಾರರಲ್ಲಿ ಹಲವರು ದಿಕ್ಕಿನ ವಿಧಿಯನ್ನು ಭದ್ರವಾಗಿ ಹಿಡಿದಿದ್ದಾರೆ. ಅಂತರದ ವಿಧಿಯನ್ನು ಕೈಬಿಟ್ಟಿದ್ದಾರೆ. ನಂಬಿಕೆಯ ಭಾಗ ಉಳಿಯಿತು, ಅನುಭವದ ಭಾಗ ಅಳಿಯಿತು.

೪

ಮರವನ್ನು ಅಂಗಿಯಾಗಿ ಎಣಿಸಿದ ಆಧುನಿಕ ಗೃಹಶಿಲ್ಪಕ್ಕೆ ನಮ್ಮ ದೇಶದಲ್ಲಿ ನಿದರ್ಶನವನ್ನು ಹುಡುಕಿದರೆ ಲಾರಿ ಬೇಕರ್ (೧೯೧೭–೨೦೦೭) ಅವರ ಹೆಸರು ಮೊದಲು ಬರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಸೇವೆಯ ನಿಮಿತ್ತ ೧೯೪೫ರಲ್ಲಿ ಭಾರತಕ್ಕೆ ಬಂದ ಇವರು ಹಿಮಾಲಯದ ಪಿತೋರಾಗಢದಲ್ಲಿ ಹಲವು ವರ್ಷ ನೆಲಸಿ, ಕಡೆಗೆ ತಿರುವನಂತಪುರವನ್ನು ತಮ್ಮ ಊರನ್ನಾಗಿ ಮಾಡಿಕೊಂಡರು. ೧೯೯೦ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅಲ್ಲಿನ ನಾಲಾಂಚಿರದ ಕಡಿದಾದ ಕಲ್ಲುದಿಣ್ಣೆಯ ಮೇಲಿನ ಅವರ ಸ್ವಂತ ಮನೆ, ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ಅಪೇಕ್ಷೆಯಂತೆ ೧೯೭೦ರ ದಶಕದಲ್ಲಿ ಉಳ್ಳೂರಿನಲ್ಲಿ ಕಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರ, ಇವೆರಡೂ ಇರುವ ನೆಲವನ್ನು ಸಮತಟ್ಟು ಮಾಡದೆ ಅದರ ಏರಿಳಿತವನ್ನೇ ಅನುಸರಿಸಿದ ಕೃತಿಗಳು. ಮರ ಎದುರಾದಲ್ಲಿ ಗೋಡೆ ಬಾಗಿ ಬಳಸಿಕೊಂಡು ಹೋಗುತ್ತದೆ. ಬಂಡೆ ಎದುರಾದಲ್ಲಿ ಮೆಟ್ಟಿಲಾಗುತ್ತದೆ. ಇಟ್ಟಿಗೆಗಳ ನಡುವೆ ಕಿಂಡಿಗಳನ್ನು ಬಿಟ್ಟು ಕಟ್ಟಿದ ಜಾಲಂಧ್ರಗಳಿಂದ ಹೊರಗಿನ ನೆರಳುಬೆಳಕು ಒಳಗೆ ಬರುತ್ತದೆ.

ಬೇಕರರ ಸಾಧನೆಯನ್ನು ಹೊಗಳುವವರು ಸಾಮಾನ್ಯವಾಗಿ ಅವರ ನಿಸರ್ಗಪ್ರೇಮವನ್ನು ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪ್ರೇಮಕ್ಕಿಂತ ಕಟ್ಟುವ ಕ್ರಮವೇ ಇಲ್ಲಿ ಮುಖ್ಯ. ಸಮಾನಾಂತರದ ಕಂಬ ತೊಲೆಗಳ ಚೌಕಟ್ಟನ್ನು ಕಚೇರಿಯ ಮೇಜಿನ ಮೇಲೆ ಮೊದಲೇ ನಿಶ್ಚಯಿಸಿದರೆ, ನಿವೇಶನದಲ್ಲಿ ಮರ ಕಂಡಾಗ ಬಾಗಬೇಕಾದುದು ಮರವೇ. ಇಟ್ಟಿಗೆಯಾದರೋ ಅಂಗೈಯಗಲದ ವಸ್ತು. ಮೇಸ್ತ್ರಿಯ ಕೈಯಲ್ಲಿ ಅದು ಎತ್ತ ಬೇಕಾದರೂ ತಿರುಗುತ್ತದೆ. ಬೇಕರರು ಸ್ಥಳದಲ್ಲೇ ನಿಂತು, ಮೇಸ್ತ್ರಿಗಳೊಡನೆ ಮಾತಾಡುತ್ತ ನಕ್ಷೆಯನ್ನು ತಿದ್ದುತ್ತಿದ್ದರು. ಎಂದರೆ ವಸ್ತು, ಕೆಲಸಗಾರ, ಶಿಲ್ಪಿ ಈ ಮೂರೂ ಬಾಗಲು ಸಿದ್ಧವಾಗಿದ್ದುದರಿಂದ ಮರ ನೇರವಾಗಿ ನಿಂತಿತು. ಔಚಿತ್ಯವು ಇಲ್ಲಿ ಕೃತಿಯ ಮೇಲ್ಮೈಯಲ್ಲಿಲ್ಲ, ರಚನೆಯ ಮೂಲದಲ್ಲಿದೆ.

ಆದರೂ ಈ ಮಾರ್ಗದ ಮಿತಿಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಭಾರವನ್ನು ಹೊರುವ ಗೋಡೆಗೆ ಉದ್ದಕ್ಕೂ ಪಾಯ ಬೇಕು. ಪಾಯಕ್ಕೆ ಉದ್ದಕ್ಕೂ ಕಾಲುವೆ ತೋಡಬೇಕು. ಗೋಡೆ ಬಾಗಿದಾಗ ಕಾಂಡ ಉಳಿಯುತ್ತದೆ. ಕಾಲುವೆ ತೀರ ಹತ್ತಿರ ಬಂದರೆ ಬೇರು ಉಳಿಯುವುದಿಲ್ಲ. ಅಂಥಲ್ಲಿ ಬಿಡಿಬಿಡಿಯಾದ ಕಂಬಗಳೇ ಬೇರಿಗೆ ಕಡಮೆ ಅಪಾಯಕರ. ಬಾಗಿದ ಗೋಡೆಯನ್ನು ಮಾತ್ರ ಅನುಕರಿಸಿ ಅಂತರವನ್ನು ಮರೆತವರು ಬೇಕರರ ಶೈಲಿಯನ್ನು ಪಡೆಯುತ್ತಾರೆ, ಅವರ ವಿವೇಕವನ್ನಲ್ಲ. ಎರಡನೆಯದಾಗಿ, ಉಳ್ಳೂರಿನಲ್ಲಿ ಎಕರೆಗಟ್ಟಲೆ ನೆಲವಿತ್ತು. ಮರವನ್ನು ಬಳಸಿ ಹೋಗಲು ಗೋಡೆಗೆ ದಾರಿಯಿತ್ತು.

ಕನ್ನಡ ನಾಡಿನ ಊರೂರಲ್ಲಿರುವ ಅರಳಿಕಟ್ಟೆಯನ್ನು ಇಲ್ಲಿ ನೆನೆಯಬಹುದು. ಮರ ಮೊದಲು, ಕಲ್ಲು ಆಮೇಲೆ. ಮರದ ನೆರಳೇ ಅಲ್ಲಿನ ಚಾವಣಿ. ಯಾರೊಬ್ಬರ ಮನೆಯೊಳಗೂ ಅಲ್ಲ, ಎಲ್ಲರ ಮನೆಗೂ ಹತ್ತಿರ ಎಂಬುದು ಅದರ ವಿಶೇಷ. ಆದರೆ ಕಟ್ಟೆಯನ್ನೂ ಕುರುಡಾಗಿ ಅನುಕರಿಸಬಾರದು. ಬುಡಕ್ಕೆ ಮಣ್ಣೇರಿಸಿದರೂ ಅರಳಿ, ಆಲಗಳು ತಾಳಿಕೊಳ್ಳುವಂತೆ ಬೇರೆ ಹಲವು ಮರಗಳು ತಾಳಿಕೊಳ್ಳಲಾರವು.

೫

ನಾವು, ಅಂದರೆ ಉದ್ಯೋಗಾರ್ಥವಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲಸಿದ ಕನ್ನಡಿಗರು, ಈ ಚರ್ಚೆಯಿಂದ ಪಡೆಯಬೇಕಾದುದೇನು? ನಮ್ಮಲ್ಲಿ ಬಹುಮಂದಿ ಸಹಕಾರಿ ಗೃಹಸಂಘಗಳ ಸದಸ್ಯರು; ಕೆಲವರು ನಿವೃತ್ತಿಗಾಗಿ ಊರ ಕಡೆ ಸಣ್ಣ ನಿವೇಶನವೊಂದನ್ನು ಕೊಂಡವರು. ಬೆಂಗಳೂರಿನಲ್ಲಿ ಬಳಕೆಯಲ್ಲಿರುವ ೩೦×೪೦ ಅಡಿಯ ನಿವೇಶನವನ್ನು ವರಾಹಮಿಹಿರನ ಅಳತೆಗೋಲಿನಿಂದ ಅಳೆದರೆ, ಅದರ ಅಗಲವೇ ಒಂದು ಮರದಿಂದ ಇನ್ನೊಂದು ಮರಕ್ಕಿರಬೇಕಾದ ಉತ್ತಮಾಂತರ. ಅಂದರೆ ಆ ನೆಲ ಒಂದು ದೊಡ್ಡ ಮರಕ್ಕೆ ಸರಿಹೋಯಿತು. ಮನೆಗೆ ಉಳಿದುದೇನೂ ಇಲ್ಲ. ಆದುದರಿಂದ ಮನೆ ಮರಗಳ ಸಹಬಾಳ್ವೆಯು ಒಬ್ಬೊಬ್ಬರ ಗೃಹಶಿಲ್ಪದಿಂದ ಬಗೆಹರಿಯತಕ್ಕ ಸಮಸ್ಯೆಯಲ್ಲ. ಬಡಾವಣೆಯ ನಕ್ಷೆಯಲ್ಲಿ, ಗೃಹಸಂಘದ ಒಟ್ಟು ನೆಲದಲ್ಲಿ, ಕಟ್ಟೆಯ ತತ್ತ್ವದಂತೆ ಎಲ್ಲರೂ ಕೂಡಿ ಬಿಡುವ ಎಡೆಯಿಂದಲೇ ಅದು ಬಗೆಹರಿಯಬೇಕು.

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ ೧೯೭೫ರ, ಕರ್ನಾಟಕದಲ್ಲಿ ೧೯೭೬ರ, ದೆಹಲಿಯಲ್ಲಿ ೧೯೯೪ರ ವೃಕ್ಷಸಂರಕ್ಷಣಾ ಶಾಸನಗಳಿವೆ. ಮಹಾರಾಷ್ಟ್ರವು ೨೦೨೧ರಲ್ಲಿ ತನ್ನ ಶಾಸನವನ್ನು ತಿದ್ದಿ, ೫೦ ವರ್ಷ ಮೀರಿದ ಮರಗಳಿಗೆ ಪಾರಂಪರಿಕ ವೃಕ್ಷವೆಂಬ ಸ್ಥಾನವನ್ನು ಕೊಟ್ಟಿತು. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿಗಳನ್ನು ನೆಡಬೇಕೆಂದೂ ವಿಧಿಸಿತು. ಉದ್ದೇಶ ಶ್ಲಾಘ್ಯ. ಆದರೆ ಲೆಕ್ಕ ನೋಡುವುದೇ ವೃತ್ತಿಯಾಗಿರುವ ನನ್ನಂಥವನಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ೬೦ ವರ್ಷದ ಒಂದು ಮರಕ್ಕೆ ೬೦ ಸಸಿ. ಕನಿಷ್ಠಾಂತರದ ೧೮ ಅಡಿಯಂತೆ ಒಂದೊಂದಕ್ಕೆ ೩೨೪ ಚದರಡಿ. ಒಟ್ಟು ೧೯,೪೪೦ ಚದರಡಿ, ಎಂದರೆ ಹತ್ತಿರ ಹತ್ತಿರ ಅರ್ಧ ಎಕರೆ. ಒಂದು ಮರಕ್ಕೆ ಎಡೆಯಿಲ್ಲವೆಂದು ಕಡಿದ ನಿವೇಶನದಲ್ಲಿ ಈ ಅರ್ಧ ಎಕರೆ ಎಲ್ಲಿಂದ ಬರಬೇಕು? ಸಸಿಗಳು ಎಲ್ಲಿಯೋ ದೂರಕ್ಕೆ ಹೋಗುತ್ತವೆ. ಅಥವಾ ಒತ್ತೊತ್ತಾಗಿ ನಿಂತು ಬೇರು ಹೆಣೆದುಕೊಂಡು ಪೀಡಿತವಾಗುತ್ತವೆ. ಶಾಸನವು ಕಾಂಡವನ್ನು ಎಣಿಸುತ್ತದೆ, ನೆಲವನ್ನು ಎಣಿಸುವುದಿಲ್ಲ. ದೆಹಲಿಯಲ್ಲಿ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೩ರಲ್ಲಿ ಆಜ್ಞಾಪಿಸಿದುದು ಬೇರಿನ ಅಸ್ತಿತ್ವವನ್ನು ಒಪ್ಪಿಕೊಂಡ ಅಪರೂಪದ ಪ್ರಸಂಗ. ಒಂದು ಮೀಟರು ಸಾಲದು. ಆದರೆ ದೃಷ್ಟಿ ಸರಿಯಾದ ಕಡೆಗೆ ಹೊರಳಿದೆ.

ಹಳೆಯ ಗೃಹಸಂಘಗಳನ್ನು ಕೆಡವಿ ಎತ್ತರವಾಗಿ ಕಟ್ಟುವ ಕಾಲವಿದು. ಮುಂದಿಡುವ ವರ್ಣಚಿತ್ರಗಳಲ್ಲಿ ಹಸುರಿಗೆ ಕೊರತೆಯಿರುವುದಿಲ್ಲ. ನೋಡಬೇಕಾದುದು ವರ್ಣಚಿತ್ರವನ್ನಲ್ಲ, ಕಟ್ಟಡವನ್ನು ಸೀಳಿ ತೋರಿಸುವ ಛೇದನಕ್ಷೆಯನ್ನು. ವಾಹನಗಳ ನೆಲಮಾಳಿಗೆಯು ನಿವೇಶನದ ಗಡಿಯವರೆಗೂ ಹಬ್ಬಿದ್ದರೆ, ಮೇಲೆ ತೋರಿಸಿದ ಮರಗಳೆಲ್ಲ ಕುಂಡದ ಗಿಡಗಳೆಂದೇ ತಿಳಿಯಬೇಕು. ಗಡಿಯ ಒಂದು ಮಗ್ಗುಲಲ್ಲಾದರೂ, ಇರುವ ಮರಗಳ ಸುತ್ತ, ಅಗೆಯದ ನೆಲವನ್ನು ಬಿಟ್ಟಿದ್ದರೆ ಆ ರಚನೆಯಲ್ಲಿ ಔಚಿತ್ಯವಿದೆ. ಸಮ್ಮತಿಪತ್ರಕ್ಕೆ ರುಜು ಹಾಕುವ ಮುನ್ನ ಸದಸ್ಯರು ಈ ಒಂದು ನಕ್ಷೆಯನ್ನು ಕೇಳಿ ಪಡೆಯುವುದು ಕಷ್ಟವಲ್ಲ. ರುಜುವಾದ ಮೇಲೆ ಕೇಳಿ ಫಲವಿಲ್ಲ.

ಹೊರನಾಡಿನ ಕನ್ನಡ ಸಂಘಗಳು ಸ್ವಂತ ಕಟ್ಟಡಗಳನ್ನು ಕಟ್ಟಿಕೊಳ್ಳುವಾಗಲೂ ಇದೇ ಮಾತು ಸಲ್ಲುತ್ತದೆ. ಸಭಾಂಗಣದ ಆಸನಗಳನ್ನು ಎಣಿಸುವ ಮೊದಲು ನಿವೇಶನದಲ್ಲಿರುವ ಮರಗಳನ್ನು, ಅವುಗಳ ಬೇರಿನ ಹರವನ್ನು ನಕ್ಷೆಯಲ್ಲಿ ಗುರುತಿಸಲಿ. ಉಳಿದ ನೆಲದಲ್ಲಿ ಎಷ್ಟು ಆಸನ ಹಿಡಿಯುವುದೋ ಅಷ್ಟೇ ನಮ್ಮ ಸಭಾಂಗಣವಾಗಲಿ.