ಏರಿ ಕೆಳಗಿನ ಇಬ್ಬರು ಜಪದವರು

ಮುಳಬಾಗಿಲಿನಿಂದ ಆವಣಿ ಕಡೆ ಹೋಗುವಾಗ ಸಿಗುವ ಒಂದು ಕೆರೆ. ಹೆಸರು ಬರೆಯುವುದಿಲ್ಲ, ಬರೆದರೆ ಮುಂದಿನ ಭಾನುವಾರವೇ ನಾಯಿ ಹಿಡಿದುಕೊಂಡು ಬರುವವರಿದ್ದಾರೆ. ಬೆಳಗ್ಗೆ ಆರೂಕಾಲಿಗೆ ತೂಬಿನ ಕಲ್ಲಿನ ಮೇಲೆ ಒಂದು ಕೊಳದ ಬಕ. ಅಲ್ಲಿಂದ ಇಪ್ಪತ್ತು ಮಾರು ದೂರ, ಜೊಂಡು ಮುಗಿದು ರಾಗಿ ಹೊಲ ಶುರುವಾಗುವಲ್ಲಿ ಕಾಡುಬೆಕ್ಕು. ಎರಡೂ ಅಲ್ಲಾಡುತ್ತಿರಲಿಲ್ಲ. ನಾನೂ ಅಲ್ಲಾಡಲಿಲ್ಲ, ಮೊಣಕಾಲು ಹಿಡಿದುಕೊಂಡಿತ್ತು.

ಇಬ್ಬರಿಗೂ ಹಳೆಯ ಅಪಕೀರ್ತಿ. ಕನ್ನಡದಲ್ಲಿ ಬಕಧ್ಯಾನ ಎಂದರೆ ನಮ್ಮ ಗಡಿಯ ತೆಲುಗಿನಲ್ಲಿ ಕೊಂಗ ಜಪಂ. ಮನುಸ್ಮೃತಿಯ ನಾಲ್ಕನೇ ಅಧ್ಯಾಯ ಬೆಕ್ಕಿನ ವ್ರತದವನನ್ನೂ ಬಕವ್ರತದವನನ್ನೂ ಪಕ್ಕಪಕ್ಕದಲ್ಲೇ ಕೂರಿಸಿ ಬೈಯುತ್ತದೆ. ಮಹಾಬಲಿಪುರದ ದೊಡ್ಡ ಬಂಡೆಯಲ್ಲಿ ಏಳನೇ ಶತಮಾನದ ಪಲ್ಲವ ಶಿಲ್ಪಿ ಕೈಯೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಕಾಲಬುಡದಲ್ಲಿ ನೆಚ್ಚಿ ಕುಳಿತ ಇಲಿಗಳನ್ನೂ ಕಡೆದಿದ್ದಾನೆ. ಕಪಟ ಒಂದೇ ಎಂದು ಎಲ್ಲರೂ ನಂಬಿದ್ದಾರೆ. ಕೆರೆ ಹತ್ತಿರ ಕೂತು ನೋಡಿದವರು ಹಾಗೆನ್ನಲಾರರು.

ಬಕ ಕಣ್ಣಿನಲ್ಲಿ ಕಾಯುತ್ತದೆ. ನೀರೊಳಗಿನ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದಲ್ಲ, ಆ ಮೋಸವನ್ನು ಲೆಕ್ಕ ಹಿಡಿದೇ ಕುಕ್ಕಬೇಕು. ಕತ್ತಿನ ಆರನೇ ಮೂಳೆ ಉಳಿದವುಗಳಿಗಿಂತ ಉದ್ದ. ಅಲ್ಲಿ ಕತ್ತು ಕೊಂಕುತ್ತದೆ, ಅಲ್ಲಿಂದಲೇ ಚಿಮ್ಮುತ್ತದೆ. ಒಡಲು ಇದ್ದಲ್ಲೇ ಇರುತ್ತದೆ, ಕತ್ತು ಮಾತ್ರ ಹೋಗಿ ಬರುತ್ತದೆ. ಬೆಕ್ಕು ಕಾಯುವುದು ಕಿವಿಯಲ್ಲಿ. ಹುಲ್ಲಿನಡಿ ಇಲಿ ಸರಿದ ಸದ್ದಿಗೆ ಒಂದು ಕಿವಿ ತಿರುಗುತ್ತದೆ, ಆಮೇಲೆ ಇನ್ನೊಂದು. ನೆಗೆಯುವಾಗ ಮೈಪೂರ್ತಿ ಪಣಕ್ಕಿಡುತ್ತದೆ. ಉದ್ದ ಕಾಲು, ಮೋಟು ಬಾಲ, ಬಾಲದ ತುದಿಗೆ ಕಪ್ಪು ಬಳೆ, ಕಿವಿತುದಿಗೆ ಚೂರು ಕೂದಲು: ಇಷ್ಟಿದ್ದರೆ ಕಾಡುಬೆಕ್ಕು. (ಪುನುಗನ್ನು ಕಾಡುಬೆಕ್ಕು ಎನ್ನುವವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.)

ಕೆರೆ ಬತ್ತಿ ಅಂಗಳದ ತುಂಬ ಜಾಲಿ ಬೆಳೆದಿದ್ದ ವರ್ಷಗಳಲ್ಲಿ ಇದು ಬೆಕ್ಕಿನ ರಾಜ್ಯ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆ.ಸಿ. ವ್ಯಾಲಿ ನೀರು, ಕೋಲಾರ ಜಿಲ್ಲೆಗೆ ಬಂತು. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ಎಷ್ಟೋ ಕೆರೆ ಕೋಡಿ ಬಿದ್ದವು. ಇಲ್ಲೂ ನೀರು ನಿಂತ ಮೇಲೆ ಬಕ ಬಂತು, ಬೆಕ್ಕು ಅಂಚಿಗೆ ಸರಿಯಿತು.

ಕಸುಬಿನಲ್ಲಿ ನನ್ನ ಓಟು ಬಕಕ್ಕೆ. ಬೆಕ್ಕಿನದು ಸೊಗಸು ಜಾಸ್ತಿ, ಗುರಿ ಕಡಿಮೆ. ಅವತ್ತೂ ನೆಗೆಯಿತು, ಇಲಿ ತಪ್ಪಿತು. ಸದ್ದಿಗೆ ಬಕ ಎದ್ದಿತು. ಇಷ್ಟು ಹೊತ್ತು ಮಣ್ಣಿನ ಹೆಂಟೆಯಂತಿದ್ದ ಹಕ್ಕಿ ರೆಕ್ಕೆ ಬಿಚ್ಚಿದ್ದೇ ತಡ, ಬಿಳುಪೋ ಬಿಳುಪು. ಬೆಕ್ಕು ತಲೆಯೆತ್ತಿ ಅದು ಹೋದ ದಾರಿಯನ್ನೇ ನೋಡಿ, ತಾನು ಬಂದದ್ದೇ ಇದಕ್ಕೆ ಎಂಬಂತೆ ಕೂತು ಮುಂಗಾಲು ನೆಕ್ಕತೊಡಗಿತು.