ಒಂದು ರಾತ್ರಿಯ ಅತಿಥಿ

ಡರ್ವ್ಲಾ ಮರ್ಫಿಯ 'ಫುಲ್ ಟಿಲ್ಟ್' (1965) ಸೈಕಲ್ ಕುರಿತ ಪುಸ್ತಕವೆಂದು ಕೊಂಡವರಿಗೆ ಸ್ವಲ್ಪ ನಿರಾಸೆಯಾದೀತು. ಸೈಕಲ್ಲಿಗೆ ಹೆಸರು ರಾಝ್, ಡಾನ್ ಕಿಹೋಟೆಯ ಬಡಕಲು ಕುದುರೆಯ ಹೆಸರಿನ ಮೊಟಕು ರೂಪ. ಏಷ್ಯಾದ ರಸ್ತೆಗಳಲ್ಲಿ ಬಾಳಿಕೆ ಬರಲಾರವೆಂದು ಅದರ ಗೇರುಗಳನ್ನು ಹೊರಡುವ ಮೊದಲೇ ತೆಗೆಸಿದಳು. ತಾಂತ್ರಿಕ ವಿಚಾರ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ದಾರಿ ಮತ್ತು ಜನ.

ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆ ಸೈಕಲ್ಲು, ಒಂದು ಅಟ್ಲಾಸು ಸಿಕ್ಕಿದ ಐರ್ಲೆಂಡಿನ ಹುಡುಗಿ, ಮುಂದೆಂದಾದರೂ ಭಾರತಕ್ಕೆ ಸೈಕಲ್ ತುಳಿಯುತ್ತೇನೆಂದು ನಿಶ್ಚಯಿಸಿದ್ದಳು. ಕಾಯಿಲೆಯ ತಾಯಿಯ ಆರೈಕೆಯಲ್ಲಿ ವರ್ಷಗಳು ಕಳೆದು, 1963ರ ಜನವರಿಯ ಕಡುಚಳಿಯಲ್ಲಿ ಒಬ್ಬಳೇ ಹೊರಟಳು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಜುಲೈ ಹೊತ್ತಿಗೆ ದೆಹಲಿ. ಜೇಬಿನಲ್ಲಿ ಪಿಸ್ತೂಲು ಇತ್ತು. ಒಂದೆರಡು ಕಡೆ ಅದು ಬೇಕೂ ಆಯಿತು. ತಮಾಷೆಯೆಂದರೆ ಇಡೀ ಪ್ರಯಾಣದ ದೊಡ್ಡ ಗಾಯ ಆದದ್ದು ಸೈಕಲ್ ಮೇಲಲ್ಲ, ಅಫ್ಘಾನಿಸ್ತಾನದ ಬಸ್ಸೊಂದರಲ್ಲಿ: ಬಂದೂಕಿನ ಹಿಡಿ ಬಡಿದು ಮೂರು ಪಕ್ಕೆಲುಬು ಮುರಿಯಿತು. ಆಕೆ ಅಫ್ಘನ್ನರ ಮೇಲೆ ಬೇಸರಿಸಿಕೊಳ್ಳಲಿಲ್ಲ. ಅವರನ್ನು ಮೆಚ್ಚಿದಷ್ಟು ದಾರಿಯಲ್ಲಿ ಇನ್ನಾರನ್ನೂ ಮೆಚ್ಚಿದಂತಿಲ್ಲ.

ಈ ಪುಸ್ತಕದ ಜನ ಯಾಕೆ ಅಷ್ಟು ಜೀವಂತ? ನನ್ನ ಮಟ್ಟಿಗೆ ಉತ್ತರ ಸರಳ. ಮರ್ಫಿಗೆ ಅವರು ಬೇಕಿತ್ತು. ಕತ್ತಲಾದರೆ ಮಲಗಲು ಜಾಗ, ಹಸಿವಾದರೆ ರೊಟ್ಟಿ, ದಾರಿ ತಪ್ಪಿದರೆ ಕೈತೋರುವವರು. ಕಳೆದ ಚಳಿಗಾಲ ನಮ್ಮ ಪುಣೆಯ ಗುಂಪು ಮೂರು ದಿನದಲ್ಲಿ ಬೆಳಗಾವಿಗೆ ಸೈಕಲ್ಲಿನಲ್ಲಿ ಹೋಯಿತು. ಹನ್ನೊಂದು ಜನ, ಹಿಂದೆ ಒಂದು ಟೆಂಪೊ. ನೀರು, ಬಾಳೆಹಣ್ಣು, ಬಿಡಿ ಟ್ಯೂಬು ಎಲ್ಲ ಅದರಲ್ಲಿ. ರಾತ್ರಿಗೆ ಮೊದಲೇ ಕಾದಿರಿಸಿದ ಲಾಡ್ಜು. ಯಾರ ಬಾಗಿಲನ್ನೂ ತಟ್ಟುವ ಪ್ರಸಂಗ ಬರಲಿಲ್ಲ, ಯಾರ ಪರಿಚಯವೂ ಆಗಲಿಲ್ಲ. ಫೋನಿನಲ್ಲಿ ಉಳಿದದ್ದು ಕಿಲೋಮೀಟರು ಮತ್ತು ಎದೆಬಡಿತದ ಲೆಕ್ಕ.

ಹಾಗಂತ ಪುಸ್ತಕದ ಬಗ್ಗೆ ನನಗೆ ತಕರಾರಿಲ್ಲವೆಂದಲ್ಲ. ಒಂದು ರಾತ್ರಿಯ ಅತಿಥಿಗೆ ಮನೆಯವರು ಒಳ್ಳೆಯ ಮುಖವನ್ನೇ ತೋರಿಸುತ್ತಾರೆ. ಮರುದಿನ ಬೆಳಿಗ್ಗೆ ಆಕೆ ಹೊರಟುಬಿಡುತ್ತಾಳೆ, ಆ ಮುಖ ಪುಸ್ತಕದಲ್ಲಿ ಹಾಗೇ ನಿಂತುಬಿಡುತ್ತದೆ. ಆಧುನಿಕತೆ ಬಂದು ಈ ಜನರನ್ನು ಕೆಡಿಸಿಬಿಡುತ್ತದಲ್ಲ ಎಂಬ ಮರ್ಫಿಯ ಕೊರಗು ಹುಟ್ಟುವುದು ಇಲ್ಲಿಂದಲೇ. ಅಲ್ಲಿನ ಬಸುರಿಗೆ ಆಸ್ಪತ್ರೆ ಮುಟ್ಟಲು ಒಳ್ಳೆಯ ರಸ್ತೆ ಬೇಡವೇ? ಓದುವಾಗ ನನಗೆ ಸಿಟ್ಟು ಬಂದದ್ದು ಈ ಜಾಗದಲ್ಲಿ. ವರ್ಷಕ್ಕೆರಡು ಸಲ ಊರಿಗೆ ಹೋಗುವ ನಾವೂ ಇದೇ ರಾಗ ಹಾಡುತ್ತೇವೆ: ಜಗಲಿ ಹೋಯಿತು, ಮಣ್ಣಿನ ನೆಲ ಹೋಗಿ ಟೈಲ್ಸ್ ಬಂತು, ಊರು ಮೊದಲಿನಂತಿಲ್ಲ. ಆ ನೆಲವನ್ನು ಅಷ್ಟು ವರ್ಷ ಸಗಣಿ ಹಾಕಿ ಸಾರಿಸಿದ ಅತ್ತಿಗೆಯನ್ನು ಕೇಳಿ, ಟೈಲ್ಸ್ ಹಾಕಿಸಿದ್ದು ಯಾಕೆಂದು ಆಕೆ ಹೇಳುತ್ತಾಳೆ.

ಹತ್ತು ವರ್ಷದ ನಂತರ ಮರ್ಫಿ ಮತ್ತೆ ಬಂದಳು, ಈ ಸಲ ನಮ್ಮ ಕಡೆಗೇ. ಸೈಕಲ್ಲಿಲ್ಲ, ಜೊತೆಗೆ ಐದು ವರ್ಷದ ಮಗಳು. ವಿರಾಜಪೇಟೆ ಹತ್ತಿರದ ದೇವಣಗೇರಿಯಲ್ಲಿ ಮನೆ ಹಿಡಿದು ಎರಡು ತಿಂಗಳು ನಿಂತಳು. ಅದರ ಫಲ 1976ರ 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್'. ಇಲ್ಲಿ ಕಾಣುವವರು ಅತಿಥಿಗೆ ಉಣಬಡಿಸುವವರಷ್ಟೇ ಅಲ್ಲ, ನೆರೆಹೊರೆಯವರು. ನಿನ್ನೆ ಕಂಡವರೇ ಇಂದೂ ಸಿಗುತ್ತಾರೆ, ನಿನ್ನೆ ಬರೆದದ್ದನ್ನು ಇಂದು ತಿದ್ದಬೇಕಾಗುತ್ತದೆ. ಓಟ ಕಡಿಮೆ, ಕೆಲವು ಪುಟಗಳು ಎಳೆದಂತೆಯೂ ಇವೆ. ಆದರೂ ಇಲ್ಲಿ ಆಕೆಗೆ ಜನ ಹೆಚ್ಚು ತಿಳಿದಿದ್ದಾರೆ ಅನ್ನಿಸುತ್ತದೆ.

ಒಂದನ್ನೇ ಓದುವುದಾದರೆ 'ಫುಲ್ ಟಿಲ್ಟ್' ಓದಿ, ಅದರ ಉಸಿರೇ ಬೇರೆ. ಓದುತ್ತ ನಿಮಗೂ ನಡುನಡುವೆ ಸಿಟ್ಟು ಬಂದರೆ ಕೊಡಗಿನದನ್ನು ಹುಡುಕಿ.